ಅಕ್ಷರಕ್ಕೂ ಮೊದಲಿನ ಅಕ್ಕೋರು

ಬೆಳಿಗ್ಗೆ ಒಂಬತ್ತೂವರೆ. ತಾಯಿಯ ಸೆರಗು ಬಿಡದೆ ಅಳುವ ಮಗುವನ್ನು ಅಕ್ಕೋರು ಬಗಲಿಗೆ ಎತ್ತಿಕೊಳ್ಳುತ್ತಾರೆ. ಚಾಪೆಯ ಮೇಲೆ ಒಂದು ಬೊಗಸೆ ಗೋವಿನಜೋಳ ಸುರಿದು, ‘ಎಷ್ಟ ಅದಾವ, ಎಣಸೂಣ ಬಾ’ ಎನ್ನುತ್ತಾರೆ. ಮೂರನೇ ಕಾಳಿಗೆ ಅಳು ನಿಂತಿರುತ್ತದೆ.

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಮಕ್ಕಳಿಗೆ ಮೊದಲ ಶಾಲೆ ಅಂಗನವಾಡಿ. ಕಲಿಸುವ ಹೆಣ್ಣುಮಗಳನ್ನು ‘ಅಕ್ಕೋರು’ ಎಂದು ಗೌರವಿಸುವ ಸೀಮೆಯಿದು. 

ಆಟವೇ ಪಾಠ

ಹೆಬ್ಬೆರಳು, ತೋರುಬೆರಳ ನಡುವೆ ಕಾಳು ಹಿಡಿದ ಕೈಯೇ ನಾಳೆ ಬಳಪ ಹಿಡಿಯಬೇಕು. ಮಣ್ಣು ನಾದಿದಾಗ ಬೆರಳಿಗೆ ಕಸುವು ಬರುತ್ತದೆ, ಕತೆ ಕೇಳಿದಾಗ ಮಾತು ಬೆಳೆಯುತ್ತದೆ. ಜರ್ಮನಿಯಲ್ಲಿ ಶಿಕ್ಷಣತಜ್ಞ ಫ್ರೋಬೆಲ್ 1837ರಲ್ಲಿ ಆರಂಭಿಸಿದ ಶಿಶುವಿಹಾರದ ತಿರುಳೂ ಇದೇ. ನಮ್ಮ ಅಂಗನವಾಡಿಗಳ ‘ಚಿಲಿಪಿಲಿ’ ಪಠ್ಯವೂ ಚಟುವಟಿಕೆಯನ್ನೇ ನಂಬಿದೆ.

ಹಾಡು, ಹಾಲು, ಬಿಸಿಯೂಟ ಮುಗಿದರೂ ಅಕ್ಕೋರ ದಿನ ಮುಗಿಯದು. ಮಕ್ಕಳ ತೂಕ, ಎತ್ತರ ಅಳೆದು ‘ಪೋಷಣ್ ಟ್ರ್ಯಾಕರ್’ ಆ್ಯಪ್‌ನಲ್ಲಿ ದಾಖಲಿಸಬೇಕು. ಗರ್ಭಿಣಿ, ಬಾಣಂತಿಯರ ಮನೆಗೆ ಹೋಗಬೇಕು. ಲಸಿಕೆಯ ದಿನ ತಾಯಂದಿರನ್ನು ಕರೆತರಬೇಕು. ತೂಕ ಇಳಿದ ಮಗು ಮೊದಲು ಕಣ್ಣಿಗೆ ಬೀಳುವುದು ಇವರಿಗೇ.

ಏರುವ ಮೆಟ್ಟಿಲು

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು; ಕರ್ನಾಟಕದಲ್ಲಿ ಅದರ ಮೊದಲ ನೆಲೆ ತಿ.ನರಸೀಪುರ. ಇಂದು ಅಕ್ಕೋರು, ಅಂದರೆ ಅಂಗನವಾಡಿ ಕಾರ್ಯಕರ್ತೆ, ಆಗಲು ಪಿಯುಸಿ ಓದಿರಬೇಕು, 19ರಿಂದ 35ರ ವಯಸ್ಸಿನವರಾಗಿರಬೇಕು, ಸ್ಥಳೀಯರಾಗಿರಬೇಕು. ಸಹಾಯಕಿಯಾಗಿ ಸೇರಿ ಓದು ಮುಂದುವರಿಸಿದವರು ಕಾರ್ಯಕರ್ತೆಯಾಗಬಹುದು; ಪದವಿ ಪಡೆದ ಅನುಭವಿಗಳಿಗೆ ಮೇಲ್ವಿಚಾರಕಿ ಹುದ್ದೆಯ ದಾರಿಯಿದೆ. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆದ ಮೇಲೆ ‘ನಮ್ಮ ಮಕ್ಕಳೆಲ್ಲ ಅಲ್ಲಿಗೇ ಹೋದರೆ’ ಎಂಬ ಆತಂಕವೂ ಇವರದ್ದಾಗಿದೆ.

ಕೈಗೆ ಬರುವ ಹಣಕ್ಕೆ ಇಂದಿಗೂ ‘ಗೌರವಧನ’ ಎಂದೇ ಹೆಸರು. ಆದರೆ 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಗ್ರಾಚ್ಯುಟಿಗೆ ಅರ್ಹರು ಎಂದು ತೀರ್ಪಿತ್ತಿತು. ಅಂಗನವಾಡಿಯಲ್ಲಿ ನಡೆಯುವ ಶಾಲಾಪೂರ್ವ ಕಲಿಕೆಯನ್ನೂ ಅದು ಪರಿಗಣಿಸಿತ್ತು.

ಆರು ವರ್ಷದೊಳಗೆ ಹಾಕಿದ ತಳಪಾಯದ ಮೇಲೆಯೇ ಮುಂದಿನ ಓದೆಲ್ಲ ನಿಲ್ಲುತ್ತದೆ. ಅದನ್ನು ಹಾಕುವ ಕೈಗೆ ಶಿಕ್ಷಕಿಯ ಹೆಸರು, ಶಿಕ್ಷಕಿಯ ಸಂಬಳ ಎರಡೂ ಸಲ್ಲಬೇಕು. ನಿಮ್ಮ ಓಣಿಯ ಅಂಗನವಾಡಿಗೆ ಈ ವಾರ ಒಮ್ಮೆ ಹೋಗಿ ಬನ್ನಿ. ಅಕ್ಕೋರ ಪಕ್ಕ ಚಾಪೆಯ ಮೇಲೆ ಅರ್ಧ ತಾಸು ಕುಳಿತು ನೋಡಿ.