ಇಂಗ್ಲಿಷ್ ಏಲ್ ಮತ್ತು ಸಿಗಾರ್‌ಗಳ ಜೋಡಣೆ

ಇಂಗ್ಲಿಷ್ ಏಲ್ ಮತ್ತು ಸಿಗಾರ್‌ಗಳ ಜೋಡಣೆ ಎಂದರೆ ಸಿಗಾರ್ ಸೇದುವಾಗ ಅದರ ರುಚಿಗೆ ಹೊಂದುವ ಬಿಯರನ್ನು ಆಯ್ದು ಕುಡಿಯುವ ರೂಢಿ. ಸಿಗಾರ್‌ನೊಂದಿಗೆ ವಿಸ್ಕಿ, ರಮ್, ಬ್ರಾಂದಿ ಅಥವಾ ಪೋರ್ಟ್ ವೈನ್ ಕುಡಿಯುವುದು ಹೆಚ್ಚು ಪ್ರಚಲಿತವಾಗಿದ್ದು, ಬಿಯರ್‌ಗೆ ಈ ಸಾಲಿನಲ್ಲಿ ದೊರೆತಿರುವ ಸ್ಥಾನ ಚಿಕ್ಕದು. ಆದರೂ ಬಿಯರುಗಳ ಪೈಕಿ ಇಂಗ್ಲೆಂಡಿನ ಏಲ್‌ಗಳು ಸಿಗಾರಿಗೆ ಚೆನ್ನಾಗಿ ಹೊಂದುತ್ತವೆ. ಇದಕ್ಕೆ ಅವುಗಳ ರುಚಿಯಷ್ಟೇ ಅವುಗಳನ್ನು ಬಡಿಸುವ ಉಷ್ಣಾಂಶ ಮತ್ತು ಅವುಗಳಲ್ಲಿರುವ ಅನಿಲದ ಪ್ರಮಾಣವೂ ಕಾರಣ. ಮದ್ಯ ಮತ್ತು ಹೊಗೆಸೊಪ್ಪು ಒಟ್ಟಿಗೆ ಸೇರಿದಾಗ ಆರೋಗ್ಯಕ್ಕೆ ಆಗುವ ಹಾನಿಯು ಬಿಡಿಬಿಡಿಯಾದ ಹಾನಿಗಳ ಮೊತ್ತಕ್ಕಿಂತ ಹೆಚ್ಚಿನದು.

ಏಲ್ ಮತ್ತು ಸಿಗಾರ್

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಮಾಲ್ಟ್ ಎನ್ನುತ್ತಾರೆ. ಮಾಲ್ಟ್‌ನಿಂದ ತೆಗೆದ ಸಿಹಿದ್ರವವನ್ನು ಸುಮಾರು 15ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ, ಮೇಲ್ಭಾಗದಲ್ಲಿ ಶೇಖರವಾಗುವ ಯೀಸ್ಟ್‌ನಿಂದ ಹುದುಗಿಸಿದರೆ ಏಲ್ ದೊರೆಯುತ್ತದೆ. ಬೇರೊಂದು ಜಾತಿಯ ಯೀಸ್ಟ್ ಬಳಸಿ ಇದಕ್ಕಿಂತ ತಂಪಿನಲ್ಲಿ ನಿಧಾನವಾಗಿ ಹುದುಗಿಸಿದ ಬಿಯರ್ ಲಾಗರ್. ಬೆಚ್ಚಗೆ ಹುದುಗುವುದರಿಂದ ಏಲ್‌ನಲ್ಲಿ ಹಣ್ಣಿನಂಥ ಪರಿಮಳ ಹುಟ್ಟುತ್ತದೆ. ಲಾಗರ್ ರುಚಿಯಲ್ಲಿ ಶುಭ್ರವಾಗಿರುತ್ತದೆ.

ಸಿಗಾರ್‌ನಲ್ಲಿ ಮೂರು ಪದರಗಳಿವೆ: ಒಳಗಿನ ತುಂಬುಎಲೆ, ಅದನ್ನು ಹಿಡಿದಿಡುವ ಕಟ್ಟುಎಲೆ ಮತ್ತು ಹೊರಗಿನ ಹೊದಿಕೆಎಲೆ. ಈ ಎಲೆಗಳನ್ನು ಗಾಳಿಯಲ್ಲಿ ಒಣಗಿಸಿ, ರಾಶಿ ಹಾಕಿ, ತಮ್ಮದೇ ಶಾಖದಲ್ಲಿ ಹುದುಗಲು ಬಿಡಲಾಗುತ್ತದೆ. ಹೊದಿಕೆಯ ಬಣ್ಣ ತಿಳಿಗಂದಿನ ಕ್ಲಾರೋದಿಂದ ಕಡುಗಂದಿನ ಮದುರೋ ಮತ್ತು ಬಹುತೇಕ ಕಪ್ಪಾದ ಒಸ್ಕುರೋವರೆಗೆ ಇರುತ್ತದೆ. ಬಣ್ಣ ಕಡುವಾದಷ್ಟೂ ಸಿಗಾರ್ ತೀಕ್ಷ್ಣ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಸರಿಯಲ್ಲ. ಘಾಟು ಮುಖ್ಯವಾಗಿ ತುಂಬುಎಲೆಯನ್ನು ಅವಲಂಬಿಸಿದೆ. ಗಿಡದ ತುದಿಯಲ್ಲಿ ಬಿಸಿಲುಂಡು ಬೆಳೆದ ಲಿಹೇರೋ ಎಲೆ ಹೆಚ್ಚಿದ್ದರೆ ಸಿಗಾರ್ ತೀಕ್ಷ್ಣವಾಗುತ್ತದೆ.

ಹಿನ್ನೆಲೆ

ಇಂಗ್ಲೆಂಡಿನಲ್ಲಿ ಮೊದಲು ಏಲ್ ಎಂದರೆ ಹಾಪ್ಸ್ ಇಲ್ಲದ ಪಾನೀಯವೇ ಆಗಿತ್ತು. 15ನೆಯ ಶತಮಾನದಲ್ಲಿ ಇಂದಿನ ನೆದರ್‌ಲೆಂಡ್ಸ್ ಮತ್ತು ಬೆಲ್ಜಿಯಂ ಪ್ರದೇಶಗಳಿಂದ ಹಾಪ್ಸ್ ಹೂವಿನ ಬಳಕೆ ಬಂದು ನೆಲೆಯೂರಿತು. 18ನೆಯ ಶತಮಾನದ ಲಂಡನ್ನಿನಲ್ಲಿ ಜನಪ್ರಿಯವಾದ ಕಡುಗಂದು ಬಿಯರ್, ಅದನ್ನು ಮೆಚ್ಚಿ ಕುಡಿಯುತ್ತಿದ್ದ ಹಮಾಲಿಗಳಿಂದಾಗಿ ಪೋರ್ಟರ್ ಎಂಬ ಹೆಸರು ಪಡೆಯಿತು. ಅದರ ಗಟ್ಟಿ ರೂಪವೇ ಸ್ಟೌಟ್. 1817ರಲ್ಲಿ ಡೇನಿಯಲ್ ವೀಲರ್ ಮಾಲ್ಟನ್ನು ಉರುಳೆಯಲ್ಲಿ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದನು. ಹೀಗೆ ಹುರಿದ ಕಪ್ಪು ಮಾಲ್ಟ್ ಪೋರ್ಟರ್ ಮತ್ತು ಸ್ಟೌಟ್‌ಗಳಿಗೆ ಇಂದಿನ ಕಾಫಿಯಂಥ ಕಹಿಯನ್ನು ತಂದಿತು.

19ನೆಯ ಶತಮಾನದ ಆರಂಭದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿ ನೆಪೋಲಿಯನ್ನನ ಸೇನೆಯೊಡನೆ ಹೋರಾಡಿ ಮರಳಿದ ಸೈನಿಕರ ಮೂಲಕ ಸಿಗಾರ್ ಬ್ರಿಟನ್ನಿನಲ್ಲಿ ಹರಡಿತು. ಕ್ಲಬ್ಬುಗಳಲ್ಲಿ ಧೂಮಪಾನದ ಕೋಣೆಗಳು ಬಂದವು. 1868ರ ರೈಲ್ವೆ ಕಾಯಿದೆಯು ರೈಲುಗಳಲ್ಲಿ ಧೂಮಪಾನಿಗಳಿಗೆ ಪ್ರತ್ಯೇಕ ವಿಭಾಗ ಇರಬೇಕೆಂದು ವಿಧಿಸಿತು.

ಈ ಎರಡೂ ಪದಾರ್ಥಗಳಿಗೆ ಭಾರತದ ನಂಟಿದೆ. 18ನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಬೋ ಬ್ರೂವರಿ, 1820ರ ದಶಕದಿಂದ ಬರ್ಟನ್ ಊರಿನ ಬ್ರೂವರಿಗಳು ಭಾರತದಲ್ಲಿದ್ದ ಬ್ರಿಟಿಷರಿಗೆ ಹಡಗುಗಳಲ್ಲಿ ಕಳುಹಿಸಿದ ಹಾಪ್ಸ್ ಹೆಚ್ಚಿರುವ ಏಲ್ ಇಂಡಿಯಾ ಪೇಲ್ ಏಲ್ ಎಂದು ಹೆಸರಾಯಿತು. ತಿರುಚಿರಾಪಳ್ಳಿಯ ಚುಟ್ಟಾಗಳು ಎದುರು ದಿಕ್ಕಿನಲ್ಲಿ ಇಂಗ್ಲೆಂಡಿಗೆ ಹೋದವು. 1887ರಲ್ಲಿ ಪ್ರಕಟವಾದ ಮೊದಲ ಷರ್ಲಾಕ್ ಹೋಮ್ಸ್ ಕಾದಂಬರಿಯಲ್ಲಿ ಪತ್ತೇದಾರನು ಬೂದಿಯನ್ನು ನೋಡಿಯೇ ಅದು ತಿರುಚಿರಾಪಳ್ಳಿಯ ಸಿಗಾರ್ ಎಂದು ಗುರುತಿಸುತ್ತಾನೆ. ಇಂಗ್ಲಿಷಿನ ‘ಚೆರೂಟ್’ ಎಂಬ ಪದ ಬಂದಿರುವುದು ತಮಿಳಿನ ‘ಸುರುಟ್ಟು’ ಎಂಬುದರಿಂದ; ಕನ್ನಡದ ‘ಸುರುಟು’, ‘ಸುರುಳಿ’ಗಳೂ ಅದೇ ಬೇರಿನವು.

ಹೊಂದಾಣಿಕೆಯ ಆಧಾರ

ಜೋಡಣೆಯ ಕೈಪಿಡಿಗಳು ಸಾಮಾನ್ಯವಾಗಿ ರುಚಿಗಳ ಪಟ್ಟಿಯನ್ನಷ್ಟೇ ನೀಡುತ್ತವೆ. ಆದರೆ ಮೊದಲು ಗಮನಿಸಬೇಕಾದುದು ಸಮಯ. ಐದು ಅಂಗುಲ ಉದ್ದದ ರೊಬುಸ್ಟೋ ಸಿಗಾರ್ ಉರಿದು ಮುಗಿಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟು ಹೊತ್ತು ಲೋಟದಲ್ಲಿ ಉಳಿಯುವ ಬಿಯರ್ ಬೆಚ್ಚಗಾಗುತ್ತದೆ, ಅದರ ನೊರೆ ಇಳಿಯುತ್ತದೆ. ತಣ್ಣಗಿರುವಾಗಷ್ಟೇ ಹಿತವಾದ ಲಾಗರ್ ಅರ್ಧ ಗಂಟೆಯಲ್ಲಿ ಸಪ್ಪೆಯಾಗುತ್ತದೆ. ಪೀಪಾಯಿಯಲ್ಲಿಯೇ ಎರಡನೆಯ ಬಾರಿ ಹುದುಗಿದ ಇಂಗ್ಲಿಷ್ ಏಲನ್ನು ನೆಲಮಾಳಿಗೆಯ ತಂಪಿನಲ್ಲಿ, ಅಂದರೆ 11ರಿಂದ 13 ಡಿಗ್ರಿಯಲ್ಲಿ, ಬಡಿಸುವುದು ಕ್ರಮ. ಅದು ಇನ್ನೂ ಕೆಲವು ಡಿಗ್ರಿ ಏರಿದರೂ ಮಾಲ್ಟ್‌ನ ಪರಿಮಳ ಹೆಚ್ಚುತ್ತದೆಯೇ ಹೊರತು ಕೆಡುವುದಿಲ್ಲ.

ಎರಡನೆಯದು ಅನಿಲ. ಪೀಪಾಯಿ ಏಲ್‌ನಲ್ಲಿ ಇಂಗಾಲದ ಡೈಆಕ್ಸೈಡ್ ಬಾಟಲಿ ಲಾಗರ್‌ಗಿಂತ ಬಹಳ ಕಡಿಮೆ. ಹೊಗೆಯಿಂದ ಒಣಗಿ ಒಗರಾದ ನಾಲಿಗೆಗೆ ಅತಿಯಾದ ಗುಳ್ಳೆಗಳು ಚುಚ್ಚಿದಂತಾಗುತ್ತವೆ. ಮೃದುವಾದ ಏಲ್ ಅದನ್ನು ತೊಳೆದು ಹದಗೊಳಿಸುತ್ತದೆ.

ಮೂರನೆಯದು ಹುರಿತ. ಮಾಲ್ಟನ್ನು ಹುರಿಯುವಾಗ ಸಕ್ಕರೆ ಮತ್ತು ಅಮೈನೊ ಆಮ್ಲಗಳ ನಡುವೆ ನಡೆಯುವ ಮೈಲಾರ್ಡ್ ಕ್ರಿಯೆ ಎಲೆಗಳು ಹುದುಗುವಾಗಲೂ ನಡೆಯುತ್ತದೆ. ಪೋರ್ಟರ್ ಮತ್ತು ಮದುರೋ ಎರಡರಲ್ಲಿಯೂ ಕಾಫಿ, ಕೋಕೋ, ಸುಟ್ಟ ಸಕ್ಕರೆಯ ವಾಸನೆ ಕಾಣಿಸಲು ಇದು ಒಂದು ಕಾರಣ.

ಸಿಗಾರ್ ಉರಿದಂತೆ ಅದರ ಘಾಟು ಹೆಚ್ಚುತ್ತದೆ. ಆದ್ದರಿಂದ ಮೊದಲ ದಮ್ಮಿಗೆ ಹೊಂದುವ ಬಿಯರ್‌ಗಿಂತ ಕೊನೆಯ ಮೂರನೆಯ ಭಾಗಕ್ಕೆ ನಿಲ್ಲಬಲ್ಲ ಬಿಯರನ್ನು ಆರಿಸುವುದು ಜಾಣತನ.

ಕೆಲವು ಜೋಡಿಗಳು

ಮೈಲ್ಡ್ ಮತ್ತು ಬ್ರೌನ್ ಏಲ್‌ಗಳಲ್ಲಿ ಹಾಪ್ಸ್ ಕಹಿ ಕಡಿಮೆ, ಕಾಯಿಬೀಜದ ರುಚಿ ಹೆಚ್ಚು. ನೆರಳಿನಲ್ಲಿ ಬೆಳೆದ ಕನೆಕ್ಟಿಕಟ್ ಹೊದಿಕೆಯ ಸೌಮ್ಯ ಸಿಗಾರಿಗೆ ಇವು ಸರಿಸಾಟಿ. ಶೇಕಡ 3.5ರಿಂದ 5ರಷ್ಟು ಮದ್ಯಸಾರದ ಬಿಟರ್ ಮಧ್ಯಮ ತೀಕ್ಷ್ಣತೆಯ ಸಿಗಾರಿಗೆ ಹೊಂದುತ್ತದೆ. ಮದುರೋಗೆ ಪೋರ್ಟರ್ ಸಹಜವಾದ ಆಯ್ಕೆ. ನಿಕರಾಗುವದ ತೀಕ್ಷ್ಣ ಸಿಗಾರಿನ ಎದುರು ನಿಲ್ಲಲು ಇಂಪೀರಿಯಲ್ ಸ್ಟೌಟ್ ಅಥವಾ ಶೇಕಡ 8ಕ್ಕೂ ಮಿಕ್ಕಿದ ಮದ್ಯಸಾರವಿರುವ, ಒಣಹಣ್ಣಿನ ಸಿಹಿಯುಳ್ಳ ಬಾರ್ಲಿ ವೈನ್ ಬೇಕಾಗುತ್ತದೆ. ಬಾರ್ಲಿ ವೈನ್ ಹೆಸರಿನಲ್ಲಿ ವೈನ್ ಇದ್ದರೂ ಅದು ಏಲ್ ಜಾತಿಯದೇ.

ಇಂಡಿಯಾ ಪೇಲ್ ಏಲ್ ಕಷ್ಟದ ಜೋಡಿ. ಹಾಪ್ಸ್‌ನ ಕಹಿಯೂ ಹೊಗೆಯ ಕಹಿಯೂ ಒಂದರ ಮೇಲೊಂದು ಸೇರಿ ನಾಲಿಗೆ ಮರಗಟ್ಟುತ್ತದೆ.

ಇತರ ದೇಶಗಳ ಬಿಯರುಗಳಲ್ಲಿ ಬೆಲ್ಜಿಯಂನ ಡುಬೆಲ್ ಮತ್ತು ಜರ್ಮನಿಯ ಡಾಪೆಲ್‌ಬಾಕ್ ತಮ್ಮ ಮಾಲ್ಟ್ ಸಿಹಿಯಿಂದಾಗಿ ಹೊಂದುತ್ತವೆ. ಡಾಪೆಲ್‌ಬಾಕ್ ಲಾಗರ್ ಆಗಿದ್ದರೂ ಗಟ್ಟಿಯಾದದ್ದು. ಬಾಂಬೆರ್ಗ್ ನಗರದ ರೌಖ್‌ಬಿಯರ್‌ನ ಮಾಲ್ಟನ್ನು ಕಟ್ಟಿಗೆಯ ಹೊಗೆಯಲ್ಲಿ ಒಣಗಿಸುವುದರಿಂದ ಅದು ಹೊಗೆಗೆ ಹೊಗೆಯನ್ನೇ ಸೇರಿಸಿದಂತಾಗುತ್ತದೆ. ಹುಳಿ ಬಿಯರುಗಳು ಸಾಮಾನ್ಯವಾಗಿ ಹೊಂದುವುದಿಲ್ಲ.

ಆರೋಗ್ಯದ ಮೇಲಿನ ಪರಿಣಾಮ

ಸಿಗಾರ್ ಹೊಗೆಯನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳದಿದ್ದರೆ ಅಪಾಯವಿಲ್ಲ ಎಂಬ ಭಾವನೆ ತಪ್ಪು. ಸಿಗಾರ್ ಹೊಗೆ ಕ್ಷಾರೀಯವಾಗಿರುವುದರಿಂದ ನಿಕೋಟಿನ್ ಬಾಯಿಯ ಒಳಪೊರೆಯ ಮೂಲಕವೇ ರಕ್ತಕ್ಕೆ ಸೇರುತ್ತದೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಹೊಗೆಸೊಪ್ಪಿನ ಹೊಗೆ ಮತ್ತು ಮದ್ಯಪಾನೀಯಗಳೆರಡನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲನೆಯ ಗುಂಪಿನಲ್ಲಿ ಇರಿಸಿದೆ. ಮದ್ಯಸಾರವು ಬಾಯಿ ಮತ್ತು ಗಂಟಲಿನ ಒಳಪೊರೆಯನ್ನು ಸಡಿಲಗೊಳಿಸಿ, ಹೊಗೆಯಲ್ಲಿರುವ ಹಾನಿಕರ ವಸ್ತುಗಳು ಒಳಸೇರಲು ಅನುಕೂಲ ಮಾಡಿಕೊಡುತ್ತದೆ. ಆದ್ದರಿಂದ ಬಾಯಿ, ಗಂಟಲು, ಧ್ವನಿಪೆಟ್ಟಿಗೆ ಮತ್ತು ಅನ್ನನಾಳದ ಕ್ಯಾನ್ಸರ್‌ಗಳ ಅಪಾಯ, ಎರಡನ್ನೂ ಬಳಸುವವರಲ್ಲಿ ಕೂಡುವ ಬದಲು ಗುಣಿಸಿದಂತೆ ಏರುತ್ತದೆ. ರುಚಿಗೆ ಒಳ್ಳೆಯ ಜೋಡಿ ಯಾವುದಾದರೂ ಈ ಲೆಕ್ಕ ಬದಲಾಗುವುದಿಲ್ಲ.

ಕಾನೂನು

ಇಂಗ್ಲೆಂಡಿನಲ್ಲಿ 2007ರ ಜುಲೈ 1ರಿಂದ ಪಬ್ಬುಗಳೂ ಸೇರಿದಂತೆ ಸಾರ್ವಜನಿಕ ಒಳಾಂಗಣಗಳಲ್ಲಿ ಧೂಮಪಾನ ನಿಷಿದ್ಧವಾಗಿದೆ. ಸ್ಕಾಟ್‌ಲೆಂಡಿನಲ್ಲಿ ಈ ನಿಷೇಧ 2006ರ ಮಾರ್ಚ್ 26ರಂದೇ ಜಾರಿಯಾಗಿತ್ತು. ಹೊಗೆಸೊಪ್ಪನ್ನೇ ಮುಖ್ಯವಾಗಿ ಮಾರುವ ವಿಶೇಷ ಅಂಗಡಿಗಳಲ್ಲಿ ಗಿರಾಕಿಯು ಸಿಗಾರನ್ನು ರುಚಿ ನೋಡಲು ಇಂಗ್ಲೆಂಡಿನ ನಿಯಮಗಳು ವಿನಾಯಿತಿ ನೀಡಿವೆ. ಪೀಪಾಯಿ ಏಲ್ ಮುಖ್ಯವಾಗಿ ಪಬ್ಬಿನ ಪಾನೀಯವಾಗಿರುವುದರಿಂದ, ಈ ಜೋಡಣೆ ಇಂದು ಬಹುಮಟ್ಟಿಗೆ ಪಬ್ಬಿನ ಹಿತ್ತಲ ತೋಟಕ್ಕೆ ಸರಿದಿದೆ. ಅಲ್ಲಿ ಗಾಳಿ ಬೀಸಿದರೆ ಸಿಗಾರ್ ಬೇಗನೆ ಮತ್ತು ಬಿಸಿಯಾಗಿ ಉರಿದು ಕಹಿಯಾಗುತ್ತದೆ. ಭಾರತದಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸುವ ನಿಯಮಗಳು 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿದ್ದು, ಅವು ಸಿಗಾರಿಗೂ ಅನ್ವಯಿಸುತ್ತವೆ.