ಡಿಸ್ಕ್ ಖಾಲಿಯಿಲ್ಲ, ಹಳೆಯ ಕಂಪ್ಯೂಟರಿಗೆ ಓದಲು ಬಾರದು

ವಿಂಡೋಸ್ ಎಕ್ಸ್‌ಪಿ ಮಾರುಕಟ್ಟೆಗೆ ಬಂದದ್ದು 2001ರ ಅಕ್ಟೋಬರ್‌ನಲ್ಲಿ. 2014ರ ಏಪ್ರಿಲ್ 8ರಂದು ಮೈಕ್ರೋಸಾಫ್ಟ್ ಅದರ ಕೈಬಿಟ್ಟಿತು. ಆದರೆ ಕನ್ನಡದ ಡಿಟಿಪಿ ಅಂಗಡಿಗಳಲ್ಲಿ, ಸಣ್ಣ ಮುದ್ರಣಾಲಯಗಳಲ್ಲಿ ಅದಕ್ಕೆ ಇನ್ನೂ ಕೆಲಸವಿದೆ. ಅಲ್ಲಿ ಪುಟ ಕಟ್ಟಲು ಬಳಸುವ ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯದು. ನುಡಿ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕಟ್ಟಿದ ಪುಟಗಳನ್ನು ಕೆಡದಂತೆ ತೆರೆಯಲು ಆ ಹಳೆಯ ಕಂಪ್ಯೂಟರೇ ಬೇಕು. ಅಂಥದ್ದಕ್ಕೆ ಈಗಿನ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಚುಚ್ಚಿದಾಗ ಒಂದೋ ಡಿಸ್ಕ್ ಕಾಣಿಸುವುದೇ ಇಲ್ಲ, ಇಲ್ಲವೇ ಫಾರ್ಮ್ಯಾಟ್ ಮಾಡಲೇ ಎಂಬ ಪ್ರಶ್ನೆ ಪರದೆಯ ಮೇಲೆ ಬರುತ್ತದೆ. ಆ ಪ್ರಶ್ನೆಗೆ ಹೌದೆಂದವರು ವರ್ಷಗಳ ಕೆಲಸವನ್ನು ಕಳೆದುಕೊಳ್ಳಬಹುದು. ಅದು ಡಿಸ್ಕಿನ ಸ್ಥಿತಿಯ ಬಗ್ಗೆ ಏನನ್ನೂ ಹೇಳುತ್ತಿಲ್ಲ. ಕಂಪ್ಯೂಟರಿನ ತಿಳಿವಳಿಕೆ ಎಲ್ಲಿಗೆ ಮುಗಿಯಿತು ಎಂಬುದನ್ನಷ್ಟೇ ಹೇಳುತ್ತಿದೆ.

ಯಾಕೆ ಹೀಗೆ? ಪುಸ್ತಕಕ್ಕೆ ಪರಿವಿಡಿ ಇರುವಂತೆ ಪ್ರತಿ ಡಿಸ್ಕಿನ ಮೊದಲಲ್ಲೂ ಯಾವ ಭಾಗ ಎಲ್ಲಿ ಶುರುವಾಗುತ್ತದೆ, ಎಷ್ಟು ಉದ್ದವಿದೆ ಎಂದು ಹೇಳುವ ಪಟ್ಟಿಯಿರುತ್ತದೆ. 1983ರ ಡಾಸ್ ಕಾಲದಿಂದ ಬಂದ ಎಂಬಿಆರ್ ಎಂಬ ಪಟ್ಟಿ ಈ ಲೆಕ್ಕವನ್ನು 32 ಬಿಟ್‌ಗಳಲ್ಲಿ ಬರೆಯುತ್ತದೆ. ಹಾಗೆ ಎಣಿಸಬಹುದಾದ ಸೆಕ್ಟರುಗಳು, ಅಂದರೆ ಡಿಸ್ಕಿನ ತುಂಡುಗಳು, ಸುಮಾರು 429 ಕೋಟಿ. ಒಂದೊಂದು ಸೆಕ್ಟರಿನಲ್ಲಿ 512 ಬೈಟ್ ಎಂದರೆ ಒಟ್ಟು 2.2 ಲಕ್ಷ ಕೋಟಿ ಬೈಟ್, ಅಂದರೆ 2.2 ಟಿಬಿ. ಅದರಾಚೆಗಿನ ಜಾಗವನ್ನು ಹೆಸರಿಸಲು ಎಂಬಿಆರ್ ಬಳಿ ಅಂಕಿಯೇ ಇಲ್ಲ. ಆಮೇಲೆ ಬಂದ ಜಿಪಿಟಿ 64 ಬಿಟ್‌ಗಳಲ್ಲಿ ಎಣಿಸುವುದರಿಂದ ದೊಡ್ಡ ಡಿಸ್ಕುಗಳಿಗೆ ಅದೇ ರೂಢಿಯಾಯಿತು. ವಿಸ್ತಾ ಮತ್ತು ಅದರ ನಂತರದ ವಿಂಡೋಸ್‌ಗಳು ಅದನ್ನು ಓದುತ್ತವೆ, 32 ಬಿಟ್‌ನ ಎಕ್ಸ್‌ಪಿ ಓದುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಇಡೀ ಡಿಸ್ಕನ್ನು ರಕ್ಷಿತ ಭಾಗವೆಂದು ತೋರಿಸಿ, ಡ್ರೈವ್ ಅಕ್ಷರ ಕೊಡದೆ ಸುಮ್ಮನಾಗುತ್ತದೆ.

ತಯಾರಕರಿಗೂ ಈ ಕಷ್ಟ ಗೊತ್ತಿತ್ತು. 2.2 ಟಿಬಿ ಮೀರಿದ ಎಕ್ಸ್‌ಟರ್ನಲ್ ಡಿಸ್ಕುಗಳು ಬರತೊಡಗಿದಾಗ ಕೆಲವರು ಪೆಟ್ಟಿಗೆಯೊಳಗಿನ ಯುಎಸ್‌ಬಿ ಚಿಪ್‌ಗೆ ಒಂದು ಉಪಾಯ ಕಲಿಸಿದರು. ಸೆಕ್ಟರ್ ಗಾತ್ರ 512 ಅಲ್ಲ, 4096 ಬೈಟ್ ಎಂದು ಆ ಚಿಪ್ ಕಂಪ್ಯೂಟರಿಗೆ ಹೇಳುತ್ತದೆ. ಎಣಿಕೆ ಅದೇ 429 ಕೋಟಿಯಾದರೂ ಪ್ರತಿ ತುಂಡು ಎಂಟು ಪಟ್ಟು ದೊಡ್ಡದಾದ್ದರಿಂದ ಎಂಬಿಆರ್ ಮಿತಿ 17 ಟಿಬಿ ದಾಟುತ್ತದೆ, ಎಕ್ಸ್‌ಪಿಗೂ ಡಿಸ್ಕ್ ಪೂರ್ತಿ ಕಾಣುತ್ತದೆ. ಜಾಣ ಪರಿಹಾರವೇ ಸರಿ, ಆದರೆ ಅಪಾಯವೂ ಅದರ ಜೊತೆಗೇ ಬಂತು. ಚಿಪ್ ಕೆಟ್ಟಾಗ ಡಿಸ್ಕನ್ನು ಬಿಚ್ಚಿ ಬೇರೆ ಪೆಟ್ಟಿಗೆಗೆ ಹಾಕಿದರೆ, ಅಥವಾ ನೇರ ಮದರ್‌ಬೋರ್ಡಿಗೆ ಜೋಡಿಸಿದರೆ, 4096ರ ಲೆಕ್ಕದಲ್ಲಿ ಬರೆದದ್ದನ್ನು 512ರ ಲೆಕ್ಕದಲ್ಲಿ ಹುಡುಕುವಂತಾಗುತ್ತದೆ. ಒಂದು ಬೈಟೂ ಅಳಿಯದಿದ್ದರೂ ಡಿಸ್ಕ್ ಬರಿದಾದಂತೆ ಕಾಣುತ್ತದೆ. ರಿಪೇರಿಗೆ ಕೊಡುವವರು ಈ ವಿಷಯವನ್ನು ಮೊದಲೇ ಹೇಳಿಬಿಡಬೇಕು.

ಡಬ್ಬದ ಮೇಲೇ ‘ವಿಂಡೋಸ್ 10 ಮತ್ತು ನಂತರದ್ದು’ ಎಂದು ಅಚ್ಚಾಗಿರುವಾಗ ಇಷ್ಟೆಲ್ಲ ಪಾಡು ಯಾಕೆ ಎಂದು ಕೇಳಬಹುದು. ಆ ಸಾಲು ತಯಾರಕರು ಯಾವುದರ ಹೊಣೆ ಹೊರುತ್ತಾರೆ ಎಂಬುದನ್ನು ತಿಳಿಸುತ್ತದೆ. ಮಿಕ್ಕದ್ದು ಅಸಾಧ್ಯ ಎನ್ನುವುದಿಲ್ಲ. ಫೈಲುಗಳನ್ನು ಜೋಡಿಸುವ ಎನ್‌ಟಿಎಫ್‌ಎಸ್ ವ್ಯವಸ್ಥೆಯ 3.1ನೇ ಆವೃತ್ತಿ ಬಂದದ್ದು ಎಕ್ಸ್‌ಪಿಯೊಂದಿಗೆ, ಇಂದಿನ ವಿಂಡೋಸ್ 11 ಬಳಸುವುದೂ ಅದೇ 3.1. ಹಾಗಾಗಿ 2 ಟಿಬಿ ಡಿಸ್ಕ್ ಕೊಂಡು, ಖಾಲಿಯಿರುವಾಗಲೇ ಹೊಸ ಕಂಪ್ಯೂಟರಿನಲ್ಲಿ ಎಂಬಿಆರ್‌ಗೆ ಬದಲಿಸಿ ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಮಾಡಿದರೆ ಸಾಮಾನ್ಯವಾಗಿ ಎರಡೂ ಕಡೆ ಓದಬಹುದು. ಡಿಸ್ಕ್ ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿದ್ದರೆ ಎಕ್ಸ್‌ಪಿಗೆ 2009ರಲ್ಲಿ ಬಂದ ಅಪ್‌ಡೇಟ್ ಬೇಕು. ಫಾರ್ಮ್ಯಾಟ್ ಮಾಡಲೇ ಎಂಬ ಪ್ರಶ್ನೆ ಏಳುವುದು ಹೆಚ್ಚಾಗಿ ಅದು ಇಲ್ಲದಾಗಲೇ. ಫ್ಯಾಟ್32 ಎಲ್ಲೆಡೆ ನಡೆಯುತ್ತದಾದರೂ 4 ಜಿಬಿ ಮೀರಿದ ಫೈಲನ್ನು ಒಳಗೆ ಬಿಡದು.

ಹಳೆಯದನ್ನು ಎಸೆದುಬಿಡಿ ಎನ್ನುವವರ ಮಾತಿನಲ್ಲಿ ಭದ್ರತೆಯ ಮಟ್ಟಿಗೆ ಹುರುಳಿದೆ. 2008ರ ಕೊನೆಯಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ಕಂಪ್ಯೂಟರ್ ವರ್ಮ್ ಪೆನ್‌ಡ್ರೈವ್‌ಗಳ ಮೂಲಕವೂ ಹರಡಿತು, ಚುಚ್ಚಿದೊಡನೆ ತಾನಾಗಿ ಚಾಲೂ ಆಗುವ ಎಕ್ಸ್‌ಪಿಯ ಸೌಲಭ್ಯವೇ ಅದಕ್ಕೆ ದಾರಿಯಾಯಿತು. ಇಂಟರ್‌ನೆಟ್ ತಂತಿ ಕಿತ್ತರೂ ಡಿಸ್ಕಿನ ಮೂಲಕ ಸೋಂಕು ಬರಬಹುದು. ಆದರೆ ಹಳೆಯ ಪುಟಗಳನ್ನು ಯೂನಿಕೋಡಿಗೆ ಬದಲಿಸಿ ತಿದ್ದಿ ಮುಗಿಸುವ ಮೊದಲೇ ಕಂಪ್ಯೂಟರನ್ನು ಗುಜರಿಗೆ ಹಾಕಿದರೆ, ಸರಿಯಾದದ್ದು ಯಾವುದೆಂದು ತಾಳೆ ನೋಡಲು ಏನು ಉಳಿಯುತ್ತದೆ? ಅಲ್ಲಿಯವರೆಗೆ ಎರಡು ಡಿಸ್ಕ್ ಇಟ್ಟುಕೊಳ್ಳುವುದು ಸರಿಯಾದ ದಾರಿ. ಒಂದು ಹಳೆಯ ಮತ್ತು ಹೊಸ ಕಂಪ್ಯೂಟರುಗಳ ನಡುವೆ ಓಡಾಡಲಿ, ಹೊಸದರಲ್ಲಿ ವೈರಸ್ ತಪಾಸಣೆಯಾದ ಮೇಲೆ ಅದರ ಪ್ರತಿ ಇನ್ನೊಂದಕ್ಕೆ ಹೋಗಲಿ. ಆ ಎರಡನೆಯದನ್ನು ಎಕ್ಸ್‌ಪಿಗೆ ಎಂದೂ ಜೋಡಿಸಕೂಡದು. ಸಾಗಿಸಲು ಸಮಯ ಹಿಡಿಯುತ್ತದೆ: ಎಕ್ಸ್‌ಪಿಯಲ್ಲಿ ಯುಎಸ್‌ಬಿ 3.0 ಡಿಸ್ಕೂ ಸಾಮಾನ್ಯವಾಗಿ 2.0 ವೇಗಕ್ಕಿಳಿಯುತ್ತದೆ, ಸೆಕೆಂಡಿಗೆ 30 ಎಂಬಿ ಸಿಕ್ಕರೂ 1 ಟಿಬಿ ದಾಟಲು ಒಂಬತ್ತು ಗಂಟೆ ಬೇಕು. ಯುಪಿಎಸ್ ಇದ್ದಲ್ಲಿ ಹಚ್ಚಿ, ಪೂರ್ತಿಯಾಗುವ ತನಕ ಕೇಬಲ್ ಮುಟ್ಟದಿರುವುದು ಒಳ್ಳೆಯದು.