ಉರಿಯುವ ಕಟ್ಟಡ ಬೀಳುವ ಮುನ್ನ

ಬೆಂಕಿ ಬಿದ್ದ ಕಟ್ಟಡ ಒಮ್ಮೆಗೇ ಕುಸಿದಂತೆ ಕಂಡರೂ ಅದರ ಬಲ ಕುಂದುತ್ತ ಬಂದಿರುತ್ತದೆ. ಮರ ಇದ್ದಿಲಾಗುತ್ತದೆ, ಉಕ್ಕು ಮೆತ್ತಗಾಗುತ್ತದೆ, ಗೋಡೆ ಕೂದಲೆಳೆಯಷ್ಟು ಹೊರಕ್ಕೆ ವಾಲುತ್ತದೆ. ಕಣ್ಣಿಗೆ ಕಾಣದ ಈ ಬದಲಾವಣೆಗಳನ್ನು ಅಳೆದು, ಒಳಗಿರುವ ಅಗ್ನಿಶಾಮಕ ಸಿಬ್ಬಂದಿಯನ್ನು ಎಚ್ಚರಿಸುವುದು ಕುಸಿತ ಸಂವೇದಕಗಳ ಕೆಲಸ. 2015ರ ಮೇ 9ರಂದು ಮುಂಬೈನ ಕಾಲ್ಬಾದೇವಿಯಲ್ಲಿ ಗೋಕುಲ್ ನಿವಾಸ್ ಎಂಬ ಹಳೆಯ ಕಟ್ಟಡ ಉರಿಯುತ್ತಲೇ ಕುಸಿದು, ಅಗ್ನಿಶಾಮಕ ದಳದ ನಾಲ್ವರು ಅಧಿಕಾರಿಗಳು ಪ್ರಾಣ ತೆತ್ತರು. ಎಚ್ಚರಿಕೆಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಯಾವುದನ್ನು ಅಳೆಯಬೇಕು ಎಂಬುದು ಕಟ್ಟಡದ ಬಗೆಯನ್ನು ಅವಲಂಬಿಸಿದೆ. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಮಾಧವರಂ ಸೀಮೆಯ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ: ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣು. ಒಂದಡಿ ದಪ್ಪದ ಮಣ್ಣೆಂದರೆ ಚದರ ಮೀಟರಿಗೆ ಸುಮಾರು 500 ಕಿಲೋ ಭಾರ. ಕೆಳಗೆ ಉರಿ ಹತ್ತಿದರೆ ಮರ ನಿಮಿಷಕ್ಕೆ ಅರ್ಧದಿಂದ ಮುಕ್ಕಾಲು ಮಿಲಿಮೀಟರಿನಂತೆ ಇದ್ದಿಲಾಗುತ್ತ ಹೋಗುತ್ತದೆ. ಅರ್ಧ ಗಂಟೆಯಲ್ಲಿ ತೊಲೆಯ ಸುಡುವ ಪ್ರತಿ ಮುಖವೂ ಎರಡು ಸೆಂಟಿಮೀಟರಿನಷ್ಟು ಸವೆದಿರುತ್ತದೆ. ಮೇಲೆ ನಿಂತವರಿಗೆ ಮಾತ್ರ ಮಣ್ಣು ತಣ್ಣಗೇ ಇರುತ್ತದೆ. ಶಾಖ ತೋರುವ ಥರ್ಮಲ್ ಕ್ಯಾಮೆರಾ ಕೂಡ ಇಲ್ಲಿ ಮೋಸಹೋಗುತ್ತದೆ, ಅದು ನೋಡುವುದು ಮೇಲ್ಮೈಯನ್ನಷ್ಟೇ.

ಹತ್ತಿಯ ಪೇಟೆಯಾದ ಆದೋನಿಯಂಥ ಊರುಗಳ ಗೋದಾಮುಗಳಲ್ಲಿ ಅಪಾಯ ಇನ್ನೊಂದು ಬಗೆಯದು. ಒಂದು ಬೇಲಿನ ತೂಕ 170 ಕಿಲೋ. ಆರಿಸಲು ಸುರಿದ ನೀರನ್ನು ಹತ್ತಿ ಹೀರಿ ಭಾರವಾಗುತ್ತದೆ, ಉಬ್ಬಿ ಗೋಡೆಯನ್ನು ಹೊರಕ್ಕೆ ಒತ್ತುತ್ತದೆ. ನಿಮಿಷಕ್ಕೆ 500 ಲೀಟರ್ ಬಿಟ್ಟರೆ ಹತ್ತೇ ನಿಮಿಷಕ್ಕೆ ಐದು ಟನ್ ನೀರು ಒಳಸೇರಿರುತ್ತದೆ. ಬೆಂಕಿ ಆರಿದ ಮೇಲೂ ಗೋಡೆ ಬೀಳಬಹುದು.

ಅಳೆಯುವ ಉಪಾಯಗಳಲ್ಲಿ ಹೆಚ್ಚು ಕುತೂಹಲದ್ದು ಕಂಪನ. ಪ್ರತಿ ಕಟ್ಟಡಕ್ಕೂ ಅದರದೇ ನಡುಕವಿದೆ; ಜ್ವಾಲೆಯ ಅಬ್ಬರ ಅದನ್ನು ಸದಾ ಕಲಕುತ್ತಿರುತ್ತದೆ. ಆಧಾರಗಳು ಸಡಿಲವಾದಂತೆ ನಡುಕದ ರೀತಿ ಬದಲಾಗುತ್ತದೆ. ಅಮೆರಿಕದ ಹಾರ್ವೆ ಮಡ್ ಕಾಲೇಜಿನ ಜಿಯಾದ್ ಡ್ಯುರಾನ್, ಅಲ್ಲಿನ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ ನೆರವಿನಿಂದ ನಿಜವಾದ ಕಟ್ಟಡಗಳನ್ನೇ ಸುಟ್ಟು ಇದನ್ನು ಪರೀಕ್ಷಿಸಿದರು. ವರದಿ 2003ರಲ್ಲಿ ಬಂತು. ಸಂವೇದಕವನ್ನು ಹೊರಗೋಡೆಗೆ ಅಂಟಿಸುವುದೇ ಲೇಸು, ಏಕೆಂದರೆ ಸಾಮಾನ್ಯ ಎಲೆಕ್ಟ್ರಾನಿಕ್ ಬಿಡಿಭಾಗಗಳು 85ರಿಂದ 125 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮಾತ್ರ ತಾಳುವಂತೆ ತಯಾರಾದವು.

ಎರಡನೆಯದು ವಾಲುವಿಕೆ. ಸರ್ವೆಯವರು ಬಳಸುವ ಟೋಟಲ್ ಸ್ಟೇಷನ್ನನ್ನು ದೂರದಲ್ಲಿ ನಿಲ್ಲಿಸಿ ಗೋಡೆಯ ಮೇಲಿನ ಒಂದು ಗುರುತಿಗೆ ಹಿಡಿದರೆ ಕೆಲವೇ ಮಿಲಿಮೀಟರಿನ ಚಲನೆಯೂ ಸಿಗುತ್ತದೆ. ಗೋಡೆಗೇ ತಗುಲಿಸುವ, ಅಲುಗಿದರೆ ಕೂಗುವ ಬ್ಯಾಟರಿ ಪೆಟ್ಟಿಗೆಗಳೂ ಇವೆ. ಅವಶೇಷಗಳಲ್ಲಿ ಜನರನ್ನು ಹುಡುಕುವ ದಳಗಳು ಇವನ್ನು ಬಳಸುತ್ತವೆ.

ಆದರೆ ಎಲ್ಲ ವಸ್ತುಗಳೂ ಸುಳಿವು ಕೊಟ್ಟು ಸೋಲುವುದಿಲ್ಲ. ಉಕ್ಕು 550 ಡಿಗ್ರಿಯ ಆಸುಪಾಸಿನಲ್ಲಿ ಬಲದ ಅರ್ಧದಷ್ಟನ್ನು ಕಳೆದುಕೊಂಡರೂ ಬಾಗಿ ತೋರಿಸುತ್ತದೆ, ತೊಲೆ ಚಿಟಿಚಿಟಿ ಸದ್ದು ಮಾಡುತ್ತದೆ. ಕಡಪ ಕಲ್ಲಿನ ಹಾಸು ಹಾಗಲ್ಲ. ಕಾದ ಕಲ್ಲಿಗೆ ತಣ್ಣೀರು ತಾಗಿದರೆ ಬಾಗದೆ ಸೀಳುತ್ತದೆ. ಸ್ಥಾನಪಲ್ಲಟ ಅಳೆಯುವ ಉಪಕರಣಕ್ಕೆ ಆಗ ಸಮಯವೇ ಸಿಗುವುದಿಲ್ಲ.

ಕುಸಿತದ ನಿಮಿಷವನ್ನು ಖಚಿತವಾಗಿ ಹೇಳುವ ಸಂವೇದಕ ಇನ್ನೂ ಬಂದಿಲ್ಲ. ಆದ್ದರಿಂದ ಉಪಕರಣವಿದ್ದರೂ ಇಲ್ಲದಿದ್ದರೂ ಬೀಳುವ ಭಯವಿರುವ ಗೋಡೆಯಿಂದ ಅದರ ಎತ್ತರದ ಒಂದೂವರೆ ಪಟ್ಟು ದೂರ ನಿಲ್ಲಬೇಕು: ಗೋಡೆ ಇಪ್ಪತ್ತು ಅಡಿಯಿದ್ದರೆ ಮೂವತ್ತು ಅಡಿ.